ಟೈರಿನ ನಾಲ್ಕು ಅಂಕಿ ಎಕ್ಸ್‌ಪೈರಿ ಡೇಟ್ ಅಲ್ಲ

ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ಅದರ ಎಕ್ಸ್‌ಪೈರಿ, ದಾಟಿದರೆ ಸಿಡಿಯುತ್ತದೆ ಅನ್ನುವ ಮೆಸೇಜು ಕಾಸರಗೋಡಿನ ಆಟೋದವರಿಗೂ ಬರುತ್ತಲೇ ಇರುತ್ತದೆ. ಹಾಗಲ್ಲ, ಅದು ತಯಾರಾದ ವಾರ ಮತ್ತು ವರ್ಷ. 2523 ಅಂದರೆ 2023ರ 25ನೇ ವಾರ. ಅನುಮಾನವಿದ್ದರೆ ಅಂಗಡಿಯಲ್ಲಿರುವ ಹೊಸ ಟೈರನ್ನೇ ನೋಡಿ, ಅದರ ಮೇಲೂ ಕಳೆದುಹೋದ ವಾರವೇ ಇರುತ್ತದೆ!

ಹಳೇ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುವುದು ನಿಜ, ಹಾಗಾಗಿ ಕಳಿಸಿದವರ ಕಾಳಜಿಯೇನೂ ತಪ್ಪಲ್ಲ. ಆದರೆ ದಿನವಿಡೀ ಓಡುವ ಆಟೋದ ಟೈರ್ ಅದಕ್ಕೂ ಮೊದಲೇ ಸವೆಯುತ್ತದೆ, ಅಲ್ವಾ? ಸವೆತ ಎಲ್ಲಿ ನೋಡಬೇಕೆಂದು ತೋರಿಸಲು ಬದಿಯಲ್ಲಿ ಟಿಡಬ್ಲ್ಯುಐ (TWI) ಅನ್ನುವ ಇಂಗ್ಲಿಷ್ ಅಕ್ಷರಗಳೋ ಸಣ್ಣ ತ್ರಿಕೋನವೋ ಇದೆಯಾ ಹುಡುಕಿ. ಅದರ ನೇರಕ್ಕೆ ಗ್ರಿಪ್‌ನ ಸಂದಿನೊಳಗೆ ಚಿಕ್ಕ ರಬ್ಬರ್ ದಿಬ್ಬ ಇರುತ್ತದೆ. ಗ್ರಿಪ್ ಸವೆದು ದಿಬ್ಬದ ಸಮಕ್ಕೆ ಬಂದಿದ್ದರೆ, ಅಂಕಿ ಏನೇ ಹೇಳಲಿ, ಜೂನ್ ಮಳೆಗೆ ಮೊದಲೇ ಬದಲಿಸಿ. ಬದಿ ಉಬ್ಬಿದ್ದರೆ ಕಾಯಲೇಬೇಡಿ.