ಕಾರಿಗೆ ಮನೆ ಬೇಕಾಗಿದೆ

ಅಮೆರಿಕದಲ್ಲಿ ಹಳೇ ಕಾರು ಕೊಳ್ಳಲು ಎರಡು ನಿಮಿಷ ಸಾಕು. ಅದನ್ನು ನಿಲ್ಲಿಸಲು ಜಾಗ ಹುಡುಕುವುದಕ್ಕೆ ಉಳಿದ ಆಯುಷ್ಯ ಇದ್ದೇ ಇದೆ.

ಎರಡು ನಿಮಿಷ ಅಂದದ್ದು ಸುಮ್ನೆ ಅಲ್ಲ. ಅಲ್ಲಿ 'ಬ್ರಿಂಗ್ ಎ ಟ್ರೇಲರ್' ಅಂತ ಹಳೇ ಕಾರುಗಳ ಆನ್‌ಲೈನ್ ಹರಾಜು ನಡೆಯುತ್ತದೆ. ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಹಿಂದೆ ಸರಿಯುತ್ತದೆ. ಸಮಾಧಾನವಾಗಿ ಯೋಚಿಸಲಿ ಅಂತ ಕೊಟ್ಟ ಸಮಯ ಇರಬೇಕು. ಆದರೆ ರಾತ್ರಿ ಹೊತ್ತು, ಹೆಂಡತಿ ಮಲಗಿದ ಮೇಲೆ, ಲ್ಯಾಪ್‌ಟಾಪ್ ಮುಂದೆ ಕೂತ ಯಜಮಾನರಿಗೆ ಬರುವ ಯೋಚನೆ ಒಂದೇ: 'ಇದನ್ನ ಅವನಿಗೆ ಬಿಟ್ಟುಕೊಡೋದಾ?' ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಪ್ರತಿ ಜನವರಿ ನಡೆಯುವ ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ ಟಿವಿ ಕ್ಯಾಮೆರಾವೂ ಇರುತ್ತದೆ, ಬಾರ್ ಕೂಡ ಇರುತ್ತದೆ. ಬುದ್ಧಿಗೆ ಅಲ್ಲಿ ಪ್ರವೇಶ ಇಲ್ಲ.

ಹಾಗೆ ಮನೆ ತುಂಬಿದ್ದು 1959ರ ಕ್ಯಾಡಿಲಾಕ್ ಕನ್ವರ್ಟಿಬಲ್ ಅಂತ ಇಟ್ಟುಕೊಳ್ಳಿ. ಹಿಂದೆ ರಾಕೆಟ್ಟಿನಂತೆ ಎದ್ದು ನಿಂತ ರೆಕ್ಕೆಗಳು, ಅದರ ನಡುವೆ ಜೋಡಿ ಕೆಂಪು ದೀಪ. ತೂಕ ಎರಡು ಟನ್‌ಗಿಂತ ಜಾಸ್ತಿ. ಉದ್ದ 18 ಅಡಿ 9 ಇಂಚು. ಮನೆಯ ಗ್ಯಾರೇಜಿನ ಉದ್ದ 20 ಅಡಿ ಆಸುಪಾಸು, ಅದರ ಕೊನೆಗೆ ಫ್ರೀಜರ್ ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಕ್ಯಾಡಿಲಾಕ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಷ್ಟಕ್ಕೂ ಅಮೆರಿಕದ ಗ್ಯಾರೇಜಿನಲ್ಲಿ ಕಾರು ನಿಲ್ಲುತ್ತದೆ ಅಂತ ನಿಮಗೆ ಹೇಳಿದವರು ಯಾರು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಲಾಸ್ ಏಂಜಲೀಸ್‌ನ 32 ಕುಟುಂಬಗಳ ಮನೆಯೊಳಗೆ ಹೊಕ್ಕು, ಇದ್ದಬದ್ದ ಸಾಮಾನನ್ನೆಲ್ಲ ಅಧ್ಯಯನ ಮಾಡಿದ್ದರು. ನಾಲ್ಕರಲ್ಲಿ ಮೂರು ಗ್ಯಾರೇಜುಗಳು ಕಾರು ನುಗ್ಗದಷ್ಟು ಭರ್ತಿ! ಕ್ರಿಸ್‌ಮಸ್ ಮರ, ಕಾಲೇಜಿಗೆ ಹೋದ ಮಗನ ತೊಟ್ಟಿಲು, ಒಂದು ವಾರ ತುಳಿದು ಬಿಟ್ಟ ವ್ಯಾಯಾಮದ ಸೈಕಲ್. ಕೆಲಸಕ್ಕೆ ಬಾರದ ಸಾಮಾನು ಬೀಗದೊಳಗೆ ಭದ್ರ, ಲಕ್ಷಗಟ್ಟಲೆ ಬೆಲೆಯ ಕಾರು ಹೊರಗೆ ಮಳೆಯಲ್ಲಿ. ಈಗ ಸಾಮಾನನ್ನೇ ಎಸೆದರಾಯಿತು ಅಲ್ವಾ? ಛೆ, ಅದೆಲ್ಲ ಸೆಂಟಿಮೆಂಟು.

ಸರಿ, ಮನೆ ಮುಂದೆಯೇ ನಿಲ್ಲಿಸೋಣ ಅಂದರೆ ಬಡಾವಣೆಯ ಸಂಘ ಬಿಡುವುದಿಲ್ಲ. ಓಡದ ಗಾಡಿ ರಸ್ತೆಗೆ ಕಾಣುವಂತಿಲ್ಲ ಅನ್ನುವುದು ಹೆಚ್ಚಿನ ಕಡೆ ನಿಯಮ. ಕಾಣದ ಹಾಗೆ ಹೊದಿಕೆ ಹಾಕೋಣ ಅಂದರೆ, ಹೊದಿಕೆ ಹಾಕಿದ ಗಾಡಿಯೂ ಕಾಣುವಂತಿಲ್ಲ ಅನ್ನುವ ಸಂಘಗಳಿವೆ. ಇನ್ಶೂರೆನ್ಸಿನವರದು ಇನ್ನೂ ಚೆಂದ. ಹಳೇ ಕಾರಿನ ಪಾಲಿಸಿ ಬೇಕಾದರೆ ಸಾಮಾನ್ಯವಾಗಿ ಕಾರಿಗೆ ಬೀಗ ಹಾಕುವ ಸೂರು ಇರಬೇಕು, ದಿನಾ ಓಡಿಸಲು ಇನ್ನೊಂದು ಕಾರೂ ಇರಬೇಕು. ಅಂದರೆ, ಈ ಕಾರನ್ನು ಓಡಿಸುವುದಿಲ್ಲ ಅನ್ನುವುದಕ್ಕೆ ಸಾಕ್ಷಿಯಾಗಿ ಮತ್ತೊಂದು ಕಾರು.

ಕೊನೆಗೆ ಊರಾಚೆಯ ಸ್ಟೋರೇಜ್ ಘಟಕವೇ ಗತಿ. ತಗಡಿನ ಶಟರ್, ಒಳಗೆ 10 ಅಡಿ ಅಗಲ, 20 ಅಡಿ ಉದ್ದ, ತಿಂಗಳು ತಿಂಗಳು ಬಾಡಿಗೆ. ಕ್ಯಾಡಿಲಾಕ್‌ನ ಅಗಲವೇ ಆರೂಮುಕ್ಕಾಲು ಅಡಿ ಹತ್ತಿರ. ಒಳಗೆ ಬಿಟ್ಟ ಮೇಲೆ ಅದರ ಉದ್ದನೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಪುಣ್ಯಕ್ಕೆ ಕನ್ವರ್ಟಿಬಲ್. ಟಾಪ್ ಮಡಚಿ, ಸೀಟಿನ ಮೇಲೆ ನಿಂತು, ಡಿಕ್ಕಿಯ ಮೇಲಿಂದ ಜಾರಿ ಹೊರಗೆ ಬರಬಹುದು. ರೆಕ್ಕೆ ಇಟ್ಟದ್ದು ಯಾಕೆ ಅಂತ ಯಜಮಾನರಿಗೆ ಆಗ ಗೊತ್ತಾಗುತ್ತದೆ, ಹಿಡಿದುಕೊಳ್ಳುವುದಕ್ಕೆ. ಆಮೇಲೆ ಬ್ಯಾಟರಿ ಇಳಿಯದಂತೆ ಚಾರ್ಜರ್ ಬೇಕು, ಪೆಟ್ರೋಲ್ ಕೆಡದಂತೆ ಔಷಧಿ ಬೇಕು, ಇಲಿ ಗೂಡು ಕಟ್ಟದಂತೆ ಕಾವಲು ಬೇಕು. ಘಟಕದಲ್ಲಿ ಪ್ಲಗ್ ಪಾಯಿಂಟೇ ಇರುವುದಿಲ್ಲ, ಅದು ಬೇರೆ ವಿಷಯ.

ಕಾರು ತನ್ನ ಆಯುಷ್ಯದ ಶೇ. 95ರಷ್ಟು ಸಮಯ ನಿಂತೇ ಇರುತ್ತದೆ ಅಂತ ಪಾರ್ಕಿಂಗ್ ವಿಷಯದ ದೊಡ್ಡ ಪಂಡಿತ ಡೊನಾಲ್ಡ್ ಶೂಪ್ ಹೇಳುತ್ತಿದ್ದರು. ಅದು ದಿನಾ ಆಫೀಸಿಗೆ ಹೋಗುವ ಕಾರಿನ ಲೆಕ್ಕ.

ದುಡ್ಡಿದ್ದವರಿಗೆ ದಾರಿ ಬೇರೆಯೇ ಇದೆ. ಮಿಷಿಗನ್‌ನ ಪಾಂಟಿಯಾಕ್ ಊರಿನಲ್ಲಿ ಒಂದು ಕಾಲಕ್ಕೆ ಜನರಲ್ ಮೋಟರ್ಸ್ ಕಾರ್ಖಾನೆ ಇದ್ದ 87 ಎಕರೆಯಲ್ಲಿ ಈಗ 'ಎಂ1 ಕಾನ್‌ಕೋರ್ಸ್' ಇದೆ. ಗಾಡಿ ಮಾಡಿ ಜನ ಹೊಟ್ಟೆ ಹೊರೆಯುತ್ತಿದ್ದ ನೆಲದಲ್ಲಿ ಈಗ ಗಾಡಿಗಳಿಗಾಗಿಯೇ ಸ್ವಂತ ಮನೆಗಳು ಮಾರಾಟಕ್ಕಿವೆ. ಮಾಲೀಕರು ಅದರೊಳಗೆ ಅಟ್ಟ ಹಾಕಿಸುತ್ತಾರೆ, ಸೋಫಾ, ಟಿವಿ, ಬಾರ್ ಕೌಂಟರ್ ಇಡಿಸುತ್ತಾರೆ. ಕಾರಿಗೆ ಬೇಜಾರಾಗಬಾರದಲ್ಲ.

ಅದೇ ದೇಶದ ಸಾಂಟಾ ಬಾರ್ಬರಾದಲ್ಲಿ 2004ರಿಂದ ಇನ್ನೊಂದು ಯೋಜನೆ ನಡೆಯುತ್ತಿದೆ. ಮನೆ ಬಾಡಿಗೆ ಕಟ್ಟಲಾಗದೆ ಕಾರಿನಲ್ಲೇ ಸಂಸಾರ ಮಾಡುವವರಿಗೆ ರಾತ್ರಿ ಪೊಲೀಸರ ಕಾಟವಿಲ್ಲದೆ ಮಲಗಲು ಚರ್ಚು, ಸಂಸ್ಥೆಗಳ ಪಾರ್ಕಿಂಗ್ ಜಾಗ ಕೊಡುತ್ತಾರೆ. ಕ್ಯಾಲಿಫೋರ್ನಿಯಾದ ಬೇರೆ ಊರುಗಳೂ ಇದನ್ನೇ ಹಿಡಿದವು. ಬೆಳಗಾದರೆ ಎಲ್ಲರೂ ಗಾಡಿ ಸ್ಟಾರ್ಟ್ ಮಾಡಿ ಜಾಗ ಖಾಲಿ ಮಾಡಬೇಕು. ನಮ್ಮ ಕ್ಯಾಡಿಲಾಕ್‌ಗೆ ಆ ರಗಳೆ ಇಲ್ಲ. ಅದು ಸ್ಟಾರ್ಟೇ ಆಗುವುದಿಲ್ಲ.