ಟೇಪು ಇರುವುದು ಕತ್ತರಿಸಲಿಕ್ಕೆ

ಕಾಯಿಲೆ, ಪೆಟ್ಟಿನಿಂದ ಕುಂದಿದವರು ಮತ್ತೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತೆ ನೆರವಾಗುವುದೇ ಪುನಶ್ಚೇತನ ಸೇವೆ. ಜಗತ್ತಿನಲ್ಲಿ ಅದರಿಂದ ಅನುಕೂಲವಾಗಬಹುದಾದವರು ಸುಮಾರು 240 ಕೋಟಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನೇಕ ಬಡ ದೇಶಗಳಲ್ಲಿ 10 ಲಕ್ಷ ಜನಕ್ಕೆ 10 ಮಂದಿ ತಜ್ಞರೂ ಇಲ್ಲ. ತಜ್ಞರನ್ನು ತಯಾರು ಮಾಡಲು ವರ್ಷಗಟ್ಟಲೆ ಬೇಕು. ಗಾಲಿಕುರ್ಚಿ ಹಂಚಲು ಒಂದು ವೇದಿಕೆ, ಒಂದು ಮೈಕು ಸಾಕು. ಬುದ್ಧಿವಂತರು ಎರಡನೆಯದನ್ನೇ ಹಿಡಿದಿದ್ದಾರೆ.

ಕ್ರಮ ಸುಲಭ. ಕಂಟೇನರ್ ತುಂಬ ಒಂದೇ ಅಳತೆಯ ಕುರ್ಚಿ ತರಿಸಿ. ಆಸ್ಪತ್ರೆಯ ನುಣುಪು ನೆಲದ ಮೇಲೆ ರೋಗಿಯನ್ನು ಎಕ್ಸ್‌ರೇ ಕೋಣೆಗೆ ತಳ್ಳಲು ಮಾಡಿದ ಕುರ್ಚಿಗಳಿವು, ಕೆಸರಲ್ಲಿ ಮುಂದಿನ ಪುಟ್ಟ ಗಾಲಿ ಹೂತು ಮುಗ್ಗರಿಸುತ್ತವೆ ಎಂಬ ಮಾತು ಎತ್ತಬೇಡಿ. ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಉದ್ದ ಕೇಳುವವರಿಗೆ ಹೇಳಿಬಿಡಿ: ಸಮಾರಂಭದಲ್ಲಿ ಟೇಪು ಇರುವುದು ಕತ್ತರಿಸಲಿಕ್ಕೆ, ಅಳೆಯಲಿಕ್ಕಲ್ಲ.

ಆಸನ ಅಗಲವಾದರೆ ಕೂತವರು ಒಂದು ಪಕ್ಕಕ್ಕೆ ವಾಲುತ್ತಾರೆ. ಕಾಲಿಡುವ ಮಣೆ ಎತ್ತರವಾದರೆ ತೊಡೆ ಮೇಲೆದ್ದು, ಭಾರವೆಲ್ಲ ಪಿರ್ರೆಯ ಎರಡು ಎಲುಬುಗಳ ಮೇಲೆ ಬೀಳುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಅಲ್ಲಿ ನೋವು ತಿಳಿಯದು. ಒತ್ತಡ ಹಂಚುವ ಮೆತ್ತೆ ಕೊಟ್ಟಿಲ್ಲ. ಆಗಾಗ ಮುಂದಕ್ಕೆ ಬಾಗಿ ಭಾರ ಇಳಿಸಿ ಎಂದು ಹೇಳಿಕೊಟ್ಟವರೂ ಇಲ್ಲ. ಚರ್ಮ ಕೆಂಪಾಗಿ, ಹುಣ್ಣಾಗಿ, ಎಲುಬು ಮುಟ್ಟುವ ಹೊತ್ತಿಗೆ ಫಲಾನುಭವಿಗಳ ಪಟ್ಟಿ ಅಚ್ಚಾಗಿರುತ್ತದೆ. ಸೋಂಕು ರಕ್ತಕ್ಕೇರಿ ಜೀವ ಹೋದರೂ ಪಟ್ಟಿಯಿಂದ ಹೆಸರು ಹೋಗದು. ಅಷ್ಟು ನಿಷ್ಠೆ ಇದೆ.

ಗಾಲಿಕುರ್ಚಿ ಕೊಡುವುದಕ್ಕೆ, ಬೇಕಾದವರನ್ನು ಸೇವೆಗೆ ಕಳುಹಿಸುವುದು, ತಪಾಸಣೆ, ಆಯ್ಕೆ, ಹಣ ಮತ್ತು ಆರ್ಡರ್, ಜೋಡಣೆ, ಕೂರಿಸಿ ಸರಿಪಡಿಸುವುದು, ತರಬೇತಿ, ಆಮೇಲಿನ ರಿಪೇರಿ ಹಾಗೂ ಮರುಭೇಟಿ ಎಂದು 2008ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ 8 ಹಂತ ಬರೆದಿಟ್ಟಿದೆ. ನಮ್ಮವರು ಎಂಟನ್ನೂ ಒಂದೇ ಹಸ್ತಲಾಘವದಲ್ಲಿ ಮುಗಿಸುತ್ತಾರೆ.

ಕೃತಕ ಕಾಲಿಗೂ ಇದೇ ಮಂತ್ರ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಬಾವು ಇಳಿದು ಮೋಟುಗಾಲು ಕುಗ್ಗುತ್ತದೆ, ಅದು ಕೂರುವ ಬಟ್ಟಲು, ಅಂದರೆ ಸಾಕೆಟ್, ಸಡಿಲಾಗಿ ಉಜ್ಜುತ್ತದೆ. ಕಾಲುಚೀಲದ ಪದರ ಹೆಚ್ಚಿಸಿ ಕೆಲಕಾಲ ದೂಡಬಹುದು, ಆಮೇಲೆ ಹೊಸ ಸಾಕೆಟ್ಟೇ ಆಗಬೇಕು. ಮಕ್ಕಳಿಗಂತೂ 6ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕು. ಶಿಬಿರ ಮಾತ್ರ ಒಂದೇ ದಿನದ್ದು. ಆಮೇಲೂ ಬೆಳೆದರೆ ಅದು ಮಗುವಿನ ಉದ್ಧಟತನ.

ಪುನಶ್ಚೇತನವನ್ನು ಆರೋಗ್ಯ ವ್ಯವಸ್ಥೆಯೊಳಗೇ ಬಲಪಡಿಸಬೇಕೆಂದು 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ ನಿರ್ಣಯವನ್ನೂ ಮಾಡಿತು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಬ್ಬ ಫಿಸಿಯೋಥೆರಪಿಸ್ಟ್ ಬರುವ ತನಕ ಆ್ಯಪ್ ಇದೆಯಲ್ಲ! ಲಕ್ವ ಹೊಡೆದು ಬಲಗೈ ಬಿದ್ದವರು ಬಲಗೈ ವ್ಯಾಯಾಮದ ವಿಡಿಯೊ ನೋಡಬಹುದು. ಒಟಿಪಿಯನ್ನು 30 ಸೆಕೆಂಡಿನೊಳಗೆ ಒತ್ತಿದರೆ ಆಯಿತು.