ಹಳದಿ ಡಬ್ಬಿಯಲ್ಲಿ ನನ್ನ ಆಟೋ ದುಡ್ಡು

ಬಿಪಿಎಂ, ಅಂದರೆ ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್ ಸಮ್ಮೇಳನಕ್ಕೆ ಬೆಳಿಗ್ಗೆ ತಡವಾಗಿ ಹೋದರೂ ನಷ್ಟವೇನಿಲ್ಲ. ಮೊದಲ ಸ್ಲೈಡ್ ಯಾವುದು ಅಂತ ಎಲ್ಲರಿಗೂ ಗೊತ್ತು. ಎಡಗಡೆ ಗಿಡ್ಡ ಕಂಬ, ಬಲಗಡೆಗೆ ಹೋದಂತೆ ಉದ್ದುದ್ದ ಕಂಬಗಳು, ನೆತ್ತಿಯ ಮೇಲೊಂದು ಬಾಣ, ಪಕ್ಕದಲ್ಲಿ ಸಿಎಜಿಆರ್, ಅಂದರೆ ವರ್ಷವರ್ಷದ ಚಕ್ರಬಡ್ಡಿ ಬೆಳವಣಿಗೆ ದರ, ಅನ್ನುವ ಮಂತ್ರ. ಕಚೇರಿಯ ಕೆಲಸವನ್ನು ಹಂತಹಂತವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವ ಈ ತಂತ್ರಾಂಶದ ಮಾರುಕಟ್ಟೆ ಬೆಳೆಯುತ್ತಿದೆ ಅಂತ ಅದರ ತಾತ್ಪರ್ಯ. ಇಳಿಯುವ ಕಂಬಗಳನ್ನು ನಾನಂತೂ ನೋಡಿಲ್ಲ. ವರ್ಷಕ್ಕೆ ಶೇಕಡಾ 12 ಬೆಳೆದರೆ 6 ವರ್ಷಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು. 72ನ್ನು ಬಡ್ಡಿ ದರದಿಂದ ಭಾಗಿಸುವ ಈ ಲೆಕ್ಕ ನಮ್ಮ ಬೀದಿಯಲ್ಲಿ ಚೀಟಿ ನಡೆಸುವ ಆಂಟಿಗೂ ಗೊತ್ತು. ಆದರೆ ಅವರು ಹೇಳಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಬೆಳವಣಿಗೆಯ ಒಂದು ಗುಟ್ಟು ಮಾತ್ರ ಸ್ಲೈಡಿನಲ್ಲಿ ಇರುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಹಳಬರು ಇದನ್ನು ವರ್ಕ್‌ಫ್ಲೋ ಅನ್ನುತ್ತಿದ್ದರು. ಹೊಸಬರು ಬಿಪಿಎಂ ಅಂದರು. ಆಮೇಲೆ ಮುಂದೆ ಒಂದು ‘ಐ’, ಹಿಂದೆ ಒಂದು ‘ಎಸ್’ ಸೇರಿ ಐಬಿಪಿಎಂಎಸ್ ಆಯಿತು. ಲೋ-ಕೋಡ್ ಬಂತು. 2019ರ ಕೊನೆಗೆ ಮಾರುಕಟ್ಟೆ ಸಂಶೋಧನೆಯ ಗಾರ್ಟ್‌ನರ್ ಕಂಪನಿಯವರು ಮುಂದಿನ ವರ್ಷದ ತಂತ್ರಜ್ಞಾನ ಟ್ರೆಂಡ್‌ಗಳ ಪಟ್ಟಿಯ ತುದಿಗೆ ಹೈಪರ್‌ಆಟೊಮೇಷನ್ ಹಾಕಿದ್ದೇ ತಡ, ನಮ್ಮ ಸ್ಟ್ಯಾಂಡಿಗಳೆಲ್ಲ ಮತ್ತೆ ಪ್ರಿಂಟಿಗೆ ಹೋದವು. ಈಗ ಏಜೆಂಟಿಕ್. ಒಂದೊಂದು ಹೆಸರಿಗೂ ಒಂದೊಂದು ಮಾರುಕಟ್ಟೆ ವರದಿ, ಒಂದೊಂದಕ್ಕೂ ಪ್ರತ್ಯೇಕ ಬಾಣ. ನಮ್ಮ ಪ್ರಾಡಕ್ಟ್ ಎಲ್ಲ ವರದಿಯಲ್ಲೂ ಹಾಜರಿ ಹಾಕಿ ಬರುತ್ತದೆ.

ಇಷ್ಟೆಲ್ಲ ಪ್ರಕ್ರಿಯೆ ಸುಧಾರಿಸುವವರು ಒಂದೇ ಸೂರಿನಡಿ ಸೇರಿದ ಆ ಹೋಟೆಲಿನಲ್ಲಿ ಊಟದ ಕೂಪನ್ ನನ್ನ ಬ್ಯಾಗಿನಲ್ಲಿತ್ತು. ಬ್ಯಾಗು ಕ್ಲೋಕ್‌ರೂಮಿನಲ್ಲಿತ್ತು. ಕ್ಲೋಕ್‌ರೂಮಿನ ಹುಡುಗ ಊಟಕ್ಕೆ ಹೋಗಿದ್ದ. ಒಂದು ಇನ್ನೊಂದಕ್ಕೆ ಕಾಯುತ್ತಾ ಎಲ್ಲವೂ ನಿಂತುಬಿಡುವ ಇದಕ್ಕೆ ನಮ್ಮವರು ಡೆಡ್‌ಲಾಕ್ ಅನ್ನುತ್ತಾರೆ. ವಿದ್ವಾಂಸರ ಬಿಪಿಎಂ ಸಮ್ಮೇಳನ ಬೇರೆಯೇ ಇದೆ, 2003ರಲ್ಲಿ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ ಶುರುವಾದದ್ದು. ವಿಲ್ ವಾನ್ ಡರ್ ಆಲ್ಸ್ಟ್ ಥರದ ವಿದ್ವಾಂಸರು ಪೆಟ್ರಿ ನೆಟ್ ಅನ್ನುವ ಗಣಿತದ ನಕ್ಷೆ ಇಟ್ಟುಕೊಂಡು ಯಾವ ಪ್ರಕ್ರಿಯೆ ಎಲ್ಲಿ ಸಿಕ್ಕಿಬೀಳುತ್ತದೆ, ಯಾವುದು ಬೀಳುವುದಿಲ್ಲ ಅಂತ ಗಣಿತದಲ್ಲೇ ಸಾಧಿಸಿ ತೋರಿಸಿದ್ದಾರೆ. ಆ ಗಣಿತ ನಮ್ಮ ಬಾಲ್‌ರೂಮ್ ಬಫೆವರೆಗೆ ಇನ್ನೂ ಇಳಿದಿಲ್ಲ. ಹುಡುಗ ಬಾಯೊರೆಸಿಕೊಂಡು ಬರುವಷ್ಟರಲ್ಲಿ ಬಿಸಿಬೇಳೆಬಾತು ಮುಗಿದು ಬೂಂದಿ ಮಾತ್ರ ಉಳಿದಿತ್ತು.

ನಾನು ಮಾಡುವ ಕೆಲಸ ಏನು ಅಂತ ಮನೆಯಲ್ಲಿ ಅರ್ಥ ಮಾಡಿಕೊಂಡವರು ಅಪ್ಪ ಒಬ್ಬರೇ. ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿ ನಿವೃತ್ತರಾದವರು. ಒಂದು ಸಲ ಲ್ಯಾಪ್‌ಟಾಪಿನಲ್ಲಿ ಬಿಪಿಎಂಎನ್ ನಕ್ಷೆ ತೋರಿಸಿದೆ. ಕೆಲಸದ ಹಂತಗಳನ್ನು ಜಗತ್ತಿನಾದ್ಯಂತ ಎಲ್ಲರೂ ಒಂದೇ ಥರ ಬರೆಯಬೇಕು ಅಂತ ಮಾಡಿದ ಚಿತ್ರಲಿಪಿ, 2011ರಲ್ಲಿ ಎರಡನೇ ಆವೃತ್ತಿ ಬಂತು, 2013ರಲ್ಲಿ ಐಎಸ್‌ಒ ಮಾನಕವೇ ಆಯಿತು ಅಂತೆಲ್ಲ ವಿವರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿದರು.

“ಈ ಡಬ್ಬಿ ವಿಷಯ ನಿರ್ವಾಹಕ. ಇದು ಶಿರಸ್ತೇದಾರ್. ಈ ವಜ್ರದಾಕಾರ ಏನು? ಇಲ್ಲಿಂದ ಗೆರೆ ವಾಪಸ್ ಬರ್ತಾ ಇದೆಯಲ್ಲ.”

“ಅಲ್ಲಿ ತೀರ್ಮಾನ ಆಗುತ್ತೆ ಅಪ್ಪ. ಒಪ್ಪದಿದ್ದರೆ ಹಿಂದಕ್ಕೆ ಹೋಗುತ್ತೆ.”

“ಹಂಗಾದ್ರೆ ಇದು ‘ಚರ್ಚಿಸಿ’.”

ಸರ್ಕಾರಿ ಕಡತ ಬಲ್ಲವರಿಗೆ ಆ ಪದದ ಮಹಿಮೆ ಬಿಡಿಸಿ ಹೇಳಬೇಕಿಲ್ಲ. ಸಾಹೇಬರಿಗೆ ಸಹಿ ಹಾಕಲು ಮನಸ್ಸಿಲ್ಲ, ಹಾಕುವುದಿಲ್ಲ ಅನ್ನಲು ಧೈರ್ಯವಿಲ್ಲ ಅಂದಾಗ ಅಂಚಿನಲ್ಲಿ ‘ಚರ್ಚಿಸಿ’ ಅಂತ ಬೀಳುತ್ತದೆ. ಕಡತ ಒಂದು ಸುತ್ತು ಹಾಕಿ ‘ಚರ್ಚಿಸಿದಂತೆ ಮಂಡಿಸಿದೆ’ ಅಂತ ವಾಪಸಾಗುತ್ತದೆ. ನಾವು ಇದೇ ಸುತ್ತನ್ನು ರೀವರ್ಕ್ ಲೂಪ್ ಅಂತ ಕರೆದು ಪರವಾನಗಿ ಶುಲ್ಕಕ್ಕೆ ಮಾರುತ್ತೇವೆ. ಮ್ಯಾನೇಜ್‌ಮೆಂಟ್ ಚಿಂತಕ ಮೈಕೆಲ್ ಹ್ಯಾಮರ್ 1990ರಲ್ಲೇ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬೇಡದ ಕೆಲಸವನ್ನು ಯಂತ್ರಕ್ಕೆ ಹಾಕಬೇಡಿ, ಕಿತ್ತೇ ಹಾಕಿ ಅಂತ ಬರೆದಿದ್ದ. ನಮ್ಮ ಕಡೆ ಆ ಲೇಖನವನ್ನು ಎಲ್ಲರೂ ಗೌರವಿಸುತ್ತಾರೆ, ಗೌರವಿಸಿ ಪಕ್ಕಕ್ಕಿಡುತ್ತಾರೆ. ಕಿತ್ತು ಹಾಕಿದ ಹಂತಕ್ಕೆ ಲೈಸೆನ್ಸ್ ಮಾರುವುದು ಹೇಗೆ?

ಊಟ ತಪ್ಪಿಸಿಕೊಂಡ ಮಧ್ಯಾಹ್ನ ನನ್ನ ಸರದಿ ಸ್ಟಾಲಿನಲ್ಲಿ. ಡೆಮೋ ಸರ್ವರ್ ಏಳಲಿಲ್ಲ. ಸೇಲ್ಸ್ ಮುಖ್ಯಸ್ಥರು, “ನಮ್ಮ ಆಫೀಸಿನ ಲೈವ್ ಸಿಸ್ಟಮ್ಮೇ ತೋರಿಸು, ನಾವೇ ಬಳಸ್ತೀವಿ ಅಂದ್ರೆ ನಂಬಿಕೆ ಬರುತ್ತೆ” ಅಂದರು. ಎದುರಿಗೆ ಸಹಕಾರಿ ಬ್ಯಾಂಕೊಂದರ ಅಧಿಕಾರಿ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಮೂರ್ನಾಲ್ಕು ಕಂಪನಿಗಳ ಬಟ್ಟೆ ಚೀಲ. ನಾನು ಪ್ರಯಾಣ ವೆಚ್ಚದ ಪುಟ ತೆರೆದೆ. ಪಟ್ಟಿ ಹಳೆಯದರಿಂದ ಹೊಸದಕ್ಕೆ ಜೋಡಣೆಯಾಗಿತ್ತು. ಗೋಡೆಯಗಲದ ಪರದೆಯ ಮೇಲೆ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ನನ್ನದೇ ಹೆಸರು, ನನ್ನದೇ ಫೋಟೋ: ಆಟೋ, ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್, 412 ರೂಪಾಯಿ. ಪಕ್ಕದಲ್ಲಿ ಹಳದಿ ಡಬ್ಬಿ, ಅನುಮೋದನೆ ಬಾಕಿ.

ಡಬ್ಬಿ ಮುಚ್ಚಲು ಹೋದ ಬೆರಳು ಅದನ್ನು ಪೂರ್ತಿ ಬಿಚ್ಚಿತು. ಕೆಳಗೆ ನಾನು ಹಾಕಿದ್ದ ಟಿಪ್ಪಣಿಗಳು ಒಂದರ ಹಿಂದೊಂದು ಉದುರಿದವು. ‘ಸರ್, ದಯವಿಟ್ಟು ಪರಿಶೀಲಿಸಿ.’ ‘ಸರ್, ನೆನಪಿಸುತ್ತಿದ್ದೇನೆ.’ ‘ಸರ್, ರಸೀದಿ ಮತ್ತೆ ಲಗತ್ತಿಸಿದ್ದೇನೆ.’ ‘ಸರ್.’ ಕೊನೆಯದು, ‘ಸರ್, ಇದ್ದೀರಾ?’

ಅಧಿಕಾರಿ ಎಲ್ಲವನ್ನೂ ನಿಧಾನವಾಗಿ ಓದಿದರು. “ಯಾರ ಹತ್ತಿರ ನಿಂತಿದೆ ಇದು?”

ನಾನು ಎದುರು ಸ್ಟಾಲಿನ ಕಡೆ ಕೈ ತೋರಿಸಿದೆ. ನನ್ನ ಹಳೇ ಮ್ಯಾನೇಜರ್ ನಮ್ಮನ್ನು ಬಿಟ್ಟು ಪ್ರತಿಸ್ಪರ್ಧಿ ಕಂಪನಿ ಸೇರಿ, ಅಲ್ಲಿ ನಿಂತು ಯಾರಿಗೋ ಇದೇ ಥರದ ಡಬ್ಬಿಗಳನ್ನು ತೋರಿಸುತ್ತಿದ್ದರು. ನನ್ನ ಕೈ ಕಂಡು ಕೈ ಬೀಸಿದರು. ಆಮೇಲೆ ವಿಷಯ ಹೇಳಿದಾಗ ಮನಸಾರೆ ನಕ್ಕರು. “ಲಾಗಿನ್ ಇದ್ದಿದ್ರೆ ಈಗಲೇ ಅಪ್ರೂವ್ ಮಾಡ್ತಿದ್ನಲ್ಲೋ!” ಲಾಗಿನ್ ಇರಲಿಲ್ಲ. ಅವರು ಬಿಟ್ಟ ದಿನ ಸಂಜೆ ಆರಕ್ಕೆ ಸರಿಯಾಗಿ ಅದು ಬಂದ್ ಆಗಿತ್ತು. ನಮ್ಮ ಕಂಪನಿಯಲ್ಲಿ ಆ ಒಂದು ಪ್ರಕ್ರಿಯೆ ಮಾತ್ರ ಯಾರೂ ಬೆರಳಿಡಲಾರದಷ್ಟು ಚೆನ್ನಾಗಿ ನಡೆಯುತ್ತದೆ.

ರಾತ್ರಿ ಅಪ್ಪನಿಗೆ ಹೇಳಿದರೆ ಅವರಿಗೆ ನಗು ಬರಲಿಲ್ಲ, ವೃತ್ತಿಪರ ಸಿಟ್ಟು ಬಂತು. “ಪ್ರಭಾರ ಯಾರಿಗೆ ಕೊಟ್ಟು ಹೋದ ಅವನು? ನಮ್ಮಲ್ಲಿ ಕಡತ ಹೋಗೋದು ಹುದ್ದೆಗೆ, ಮನುಷ್ಯನಿಗಲ್ಲ. ತಹಶೀಲ್ದಾರ್ ವರ್ಗ ಆದ್ರೂ ತಹಶೀಲ್ದಾರ್ ಇರ್ತಾನೆ.” ಇದನ್ನೇ ನಮ್ಮ ತರಬೇತಿಯಲ್ಲಿ, ಕೆಲಸವನ್ನು ವ್ಯಕ್ತಿಗಲ್ಲ ರೋಲ್‌ಗೆ ಒಪ್ಪಿಸಿ, ಪಕ್ಕದಲ್ಲೊಂದು ಟೈಮರ್ ಇಡಿ, ಗಡುವು ಮೀರಿದರೆ ಮೇಲಿನವರಿಗೆ ಹೋಗಲಿ ಅಂತ ದುಡ್ಡು ತೆಗೆದುಕೊಂಡು ಹೇಳಿಕೊಡುತ್ತೇವೆ. ಅಪ್ಪ ಅಲ್ಲಿಗೂ ನಿಲ್ಲಿಸಲಿಲ್ಲ. “2011ರ ಸಕಾಲ ಕಾಯ್ದೆ ಗೊತ್ತೇನೋ? ಅರ್ಜಿ ತಡ ಆದ್ರೆ ದಿನಕ್ಕೆ 20 ರೂಪಾಯಿ ಪರಿಹಾರ, 500ರವರೆಗೆ. ನಿಮ್ಮಲ್ಲಿ ಎಷ್ಟು?” ನಮ್ಮಲ್ಲಿ ಹಳದಿ ಬಣ್ಣ ಸ್ವಲ್ಪ ಗಾಢವಾಗುತ್ತದೆ ಅಂತ ಹೇಳಲು ನಾಲಿಗೆ ಏಳಲಿಲ್ಲ.

ಆದರೆ ಸ್ಟಾಲಿನ ಕಥೆ ಅಲ್ಲಿಗೇ ಮುಗಿದಿರಲಿಲ್ಲ. ಗಿರಾಕಿ ಕೈಬಿಟ್ಟು ಹೋದರು ಅಂತ ನಾನೂ ಸೇಲ್ಸ್ ಮುಖ್ಯಸ್ಥರೂ ನೆಲ ನೋಡುತ್ತಿದ್ದಾಗ ಬ್ಯಾಂಕಿನವರು ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು. “ನಮ್ಮಲ್ಲೂ ಸಾಲದ ಅರ್ಜಿ ಹಿಂಗೇ ನಿಲ್ಲುತ್ತೆ ಸ್ವಾಮಿ. ಎಲ್ಲಿ ನಿಂತಿದೆ ಅಂತ ಕೇಳಿದ್ರೆ ಮೇಲಿನವರು ಕೆಳಗೆ ಅಂತಾರೆ, ಕೆಳಗಿನವರು ಮೇಲೆ ಅಂತಾರೆ. ನಿಮ್ಮದರಲ್ಲಿ ಯಾರ ಹತ್ರ ಕೂತಿದೆ ಅಂತ ಹೆಸರು ಸಮೇತ ಕಾಣಿಸ್ತಲ್ಲ, ನನಗೆ ಅಷ್ಟು ಸಾಕು. ಕೊಟೇಶನ್ ಕಳಿಸಿ.” ಕಂಬಗಳು ಪ್ರತಿವರ್ಷ ಯಾಕೆ ಉದ್ದವಾಗುತ್ತವೆ ಅಂತ ನನಗೆ ಹೊಳೆದದ್ದು ಆಗ. ಬೇಗ ಆಗಲಿ ಅನ್ನುವ ಆಸೆಯನ್ನು ಜನ ಎಂದೋ ಬಿಟ್ಟಿದ್ದಾರೆ. ಎಲ್ಲಿ ತಡವಾಯಿತು ಅಂತ ತಿಳಿಯುವುದಕ್ಕೆ ಮಾತ್ರ ಈಗಲೂ ದುಡ್ಡು ಕೊಡುತ್ತಾರೆ.

ಮುಂದಿನ ಸಮ್ಮೇಳನದ ಹೊತ್ತಿಗೆ ನಮ್ಮ ಬ್ರೋಷರಿನಲ್ಲಿ ಹೊಸ ಸಾಲು ಸೇರಿತ್ತು: ‘ವಿಳಂಬದ ಸಂಪೂರ್ಣ ಗೋಚರತೆ’. ಡೆಮೋ ಸರ್ವರ್ ಸರಿಹೋಗಿದ್ದರೂ ಈಗ ಎಲ್ಲ ಕಡೆ ಲೈವ್ ಸಿಸ್ಟಮ್ಮನ್ನೇ ತೋರಿಸುತ್ತಾರೆ. ಹೊಸ ಮ್ಯಾನೇಜರ್ ಪಾಪ ಒಳ್ಳೆಯವರು, ನನ್ನ 412 ರೂಪಾಯಿ ಅನುಮೋದಿಸಲು ಒಂದು ದಿನ ಕೂತೂ ಬಿಟ್ಟಿದ್ದರು. ಅದು ಹಸಿರಾದರೆ ಡೆಮೋ ಕೆಡುತ್ತದೆ ಅಂತ ಮಾರ್ಕೆಟಿಂಗ್‌ನವರು ಓಡಿ ಬಂದು ತಡೆದರು.